ಗ್ಯಾಲರಿಯಿಂದ ಕೂಗಿದ್ದು

ಅನುಮಾನ ನನ್ನ ಹೊಟ್ಟೆಪಾಡು. ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಕಂಟೇನರ್‌ಗಳ ಕಾಗದಪತ್ರ ನೋಡೋದು ನನ್ನ ಕೆಲಸ. ಮೇಲೆ ಬರೆದಿರೋದೊಂದು, ಒಳಗಿರೋದು ಇನ್ನೊಂದು. ಇಂಥವನ್ನ ಎಷ್ಟು ಕಂಡಿಲ್ಲ ನಾನು! ಹಾಗಾಗಿ ಮಗನ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಯಾರೋ ಗುಟ್ಟು ಬಿಟ್ಟುಕೊಡ್ತಿದ್ದಾರೆ ಅಂತ ಸುದ್ದಿ ಎದ್ದಾಗ, ಕಳ್ಳನನ್ನ ಹಿಡಿಯೋಕೆ ನನಗಿಂತ ಲಾಯಕ್ಕಾದವರು ಯಾರಿದ್ದಾರೆ ಅಂದುಕೊಂಡೆ.

ಕೊರೊನಾ ಇನ್ನೂ ಪೂರ್ತಿ ತೊಲಗಿರದ ಸೀಸನ್ ಅದು. ಆಟಗಾರರ ಮನೆಯವರಿಗೆ ಮಾತ್ರ ಪ್ರವೇಶ, ಎಲ್ಲರ ಮುಖಕ್ಕೂ ಮಾಸ್ಕ್. ಅಷ್ಟು ದೊಡ್ಡ ಗ್ಯಾಲರಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ನಾನೋ, ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವಳು. ಲಾಕ್‌ಡೌನ್‌ನಲ್ಲಿ ಮಗ ಮನೆ ಹಿಂದೆ ಪ್ರಾಕ್ಟೀಸ್ ಮಾಡುವಾಗ ಅವನೆದುರು ನಿಂತವಳೂ ನಾನೇ. ಕೋಚ್ ಮುಷ್ಟಿ ಎತ್ತಿದರೆ ಯಾವ ಆಟ, ಎರಡು ಬೆರಳು ತೋರಿಸಿದರೆ ಯಾವ ಆಟ, ಎಲ್ಲ ನನಗೆ ಬಾಯಿಪಾಠ. ಮ್ಯಾಚಲ್ಲಿ ಬಾಯಿ ಸುಮ್ಮನಿರಬೇಕಲ್ಲ? "ಎಡಗಡೆಯಿಂದ ಸುತ್ತಿ ಬಾರೋ, ಬಾಲ್ ಕೊನೆಗೆ ನಿನ್ನ ಕೈಗೇ ಬರತ್ತೆ!" ಅಂತ ಗಂಟಲು ಹರಿಯೋ ಹಾಗೆ ಕೂಗ್ತಿದ್ದೆ. ಮಗ ಮನೆಗೆ ಬಂದು "ಅಮ್ಮಾ, ಪ್ಲೀಸ್!" ಅಂತ ಗೊಣಗೋನು.

ಸ್ಯಾನ್ ಡಿಯೇಗೊದ ತಂಡ ನಮ್ಮಲ್ಲಿಗೆ ಬಂದು ಆಡಿದ ದಿನ ನಮ್ಮ ಮರ್ಯಾದೆ ಹೋಯಿತು. ನಮ್ಮವರು ಬಾಲ್ ಎಲ್ಲಿಗೆ ಒಯ್ದರೂ ಅಲ್ಲಿ ಅವರು ಮೊದಲೇ ಬಂದು ನಿಂತಿರೋರು. ಕೋಚ್ ಎಲ್ಲರನ್ನೂ ಕೂರಿಸಿ, "ನಮ್ಮ ಆಟ ಅವರಿಗೆ ಯಾರೋ ಹೇಳಿದ್ದಾರೆ," ಅಂದರಂತೆ.

ನನಗೆ ತಕ್ಷಣ ಹೊಳೆದವನು ಒಬ್ಬನೇ. ಆ ವರ್ಷವಷ್ಟೇ ಅದೇ ಸ್ಯಾನ್ ಡಿಯೇಗೊ ಕಾಲೇಜು ಬಿಟ್ಟು ನಮ್ಮ ತಂಡಕ್ಕೆ ಬಂದ ಹುಡುಗ, ಮಗನ ರೂಮ್‌ಮೇಟ್. ಶುಕ್ರವಾರ ಬಂದರೆ ನಮ್ಮ ಮನೆಯಲ್ಲಿ ಹಾಜರು. "ಆಂಟಿ, ಒನ್ ಮೋರ್?" ಅಂತ ಎಂಟು ದೋಸೆ ತಿನ್ನೋನು. ಈಗ ಅವನು ತಿನ್ನೋದನ್ನ ನೋಡೋದು ಬಿಟ್ಟು ಅವನ ಫೋನ್ ನೋಡೋಕೆ ಶುರು ಮಾಡಿದೆ. ಯಾಕೆ ಮೇಜಿನ ಮೇಲೆ ಮಗುಚಿಡ್ತಾನೆ? ಕರೆ ಬಂದರೆ ಯಾಕೆ ಹೊರಗೆ ಹೋಗ್ತಾನೆ? ಪ್ರತಿ ಭಾನುವಾರ ಸ್ಯಾನ್ ಡಿಯೇಗೊಗೆ ಡ್ರೈವ್ ಮಾಡ್ತಾನಲ್ಲ, ಯಾಕೆ ಅಂತ ಕೇಳಿದರೆ ಅಲ್ಲಿ ಅಜ್ಜಿ ಇದ್ದಾರಂತೆ. ಅಜ್ಜಿಯಂತೆ ಅಜ್ಜಿ! ಯಾರ ಕಿವಿಗೆ ಹೂವಿಡ್ತಾನೆ?

ಮಗ ನನ್ನ ಮಾತು ಕೇಳಿ ರೇಗಿದ. ನಾನೇ ಕೋಚ್‌ಗೆ ಫೋನ್ ಮಾಡಿ ಒಂದೂ ಬಿಡದೆ ಒದರಿದೆ. ವಿಷಯ ಇತ್ಯರ್ಥ ಆಗೋವರೆಗೂ ಹುಡುಗ ಬೆಂಚಿನ ಮೇಲೆ ಕೂತ. ಅವನಿಗೆ ಅದು ಕಾಲೇಜಿನ ಕೊನೇ ವರ್ಷ, ಆಡೋಕೆ ಸಿಗೋ ಕೊನೇ ಸೀಸನ್. ಒಂದಾದ ಮೇಲೊಂದು ಮ್ಯಾಚ್ ಹೋಯಿತು. ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಆಡೋರಿಗೆ ಚಪ್ಪಾಳೆ ತಟ್ಟುತ್ತಾ ಕೂತಿರೋನು. ನಾಟಕ ಅಂದುಕೊಂಡೆ.

ಸೀಸನ್ನಿನ ಕೊನೇ ಮ್ಯಾಚ್ ಸ್ಯಾನ್ ಡಿಯೇಗೊದಲ್ಲಿ. ಜಿಮ್ ಬಾಗಿಲಲ್ಲಿ ನಿಂತು ಮಗನಿಗೆ "ನೀರು ಕುಡಿಯೋ, ಬರೀ ಕಾಫಿ ಸುರ್ಕೋಬೇಡ!" ಅಂತ ಬೈತಿದ್ದೆ. ಎದುರಾಳಿ ತಂಡದ ಜಾಕೆಟ್ ಹಾಕಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಅವುಚಿಕೊಂಡು ಓಡಿ ಬಂದಳು. ಹುಬ್ಬಳ್ಳಿಯವಳು, ಅಲ್ಲಿ ಎಂಎಸ್ ಓದುತ್ತಾ ಆ ತಂಡಕ್ಕೆ ಆಟದ ಲೆಕ್ಕ ಬರೆಯೋಳು.

"ಆಂಟಿ, ದನಿ ಕೇಳಿದ ಕೂಡ್ಲೇ ಗೊತ್ತಾತ್ರಿ ನೀವಾ ಅಂತ! ಹೋದ ಸಲ ನೀವು ಕೂಗಿದ್ದೆಲ್ಲಾ ನಾ ನಮ್ಮ ಕೋಚ್‌ಗೆ ಹೇಳಿಬಿಟ್ಟೆ ನೋಡ್ರಿ. ಸಿಟ್ಟಾಗಬ್ಯಾಡ್ರಿ ಮತ್ತ!"

ನನ್ನ ಬುದ್ಧಿ ನೋಡಿ, ಆಗಲೂ ಒಂದು ಗಳಿಗೆ ಇವಳನ್ನ ಆ ಹುಡುಗನೇ ಕಳಿಸಿರಬಹುದಾ ಅಂತ ಯೋಚಿಸಿದೆ. ಆಮೇಲೆ ಅರ್ಥವಾಯಿತು. ಕನ್ನಡ ತಾನೇ, ಈ ಊರಲ್ಲಿ ಯಾರಿಗೆ ತಿಳಿಯತ್ತೆ ಅಂತ ಖಾಲಿ ಗ್ಯಾಲರಿಯಲ್ಲಿ ಕೂತು ನಮ್ಮ ಆಟವನ್ನೆಲ್ಲ ನಾನೇ ಸಾರಿದ್ದೆ. ಮಗ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಬ್ಯಾಗ್ ಹೆಗಲಿಗೇರಿಸಿ ಒಳಗೆ ಹೋದ.

ಅವನ ಹಿಂದೆಯೇ ಹೋಗಿ ಕೋಚ್‌ಗೆ ಎಲ್ಲ ಹೇಳಿದೆ. ನಾಚಿಕೆಯಲ್ಲಿ ನನಗೆ ಇಂಗ್ಲಿಷೂ ಬರಲಿಲ್ಲ, ತಡವರಿಸಿದೆ. ಕೋಚ್ ನನ್ನ ಮುಖ ನೋಡಿದರು, ಸೀದಾ ಬೆಂಚಿನ ಹತ್ತಿರ ಹೋದರು.

ಹುಡುಗ ಆವತ್ತು ಶುರುವಿನಿಂದ ಕೊನೇವರೆಗೂ ಆಡಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನನಗಿಂತ ಎರಡು ಸಾಲು ಕೆಳಗೆ ಒಬ್ಬ ಮುದುಕಿ ಇದ್ದರು. ನಮ್ಮ ತಂಡದ ಜರ್ಸಿ, ಬೆನ್ನಿನ ಮೇಲೆ ಆ ಹುಡುಗನ ನಂಬರು. ಅವನ ಕೈಗೆ ಬಾಲ್ ಬಂದಾಗಲೆಲ್ಲ ಕೋಲೂರಿ ಎದ್ದು ನಿಲ್ಲೋರು.

ಮ್ಯಾಚ್ ಮುಗಿದ ಮೇಲೆ ಅವನೆದುರು ನಿಂತು ತಪ್ಪಾಯ್ತು ಅಂದೆ, ಶುಕ್ರವಾರ ದೋಸೆಗೆ ಬಾ ಅಂದೆ. ಅವನು ಅಜ್ಜಿಗೆ ಕೋಟು ತೊಡಿಸುತ್ತಿದ್ದ. ತುಂಬಾ ಮರ್ಯಾದೆಯಿಂದ ತಲೆ ಬಾಗಿಸಿ, "ಇಟ್ಸ್ ಓಕೆ, ಮ್ಯಾಮ್," ಅಂದ.

ಅಷ್ಟು ದಿನ ಒಂದು ಸಲವೂ ಅವನು ನನ್ನನ್ನ ಮ್ಯಾಮ್ ಅಂದಿರಲಿಲ್ಲ.