ಏಳುನೂರು ಗ್ರಾಂ ಹೋಳಿಗೆ

ಕಳೆದ ಶನಿವಾರ ನಾನು ಒಬ್ಬ ಪೈಲ್ವಾನ ಹುಡುಗಿಯನ್ನು ಚಿತ್ ಮಾಡಿದೆ. ಗರಡಿಯಲ್ಲಲ್ಲ, ನಮ್ಮ ಮನೆಯ ಅಡುಗೆಕೋಣೆಯಲ್ಲಿ. ಹಾಕಿದ ಪಟ್ಟು ಶೇಂಗಾ ಹೋಳಿಗೆ.

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗುವುದೋ ಬೈಯುವುದೋ ನಿಮಗೆ ಬಿಟ್ಟದ್ದು.

ಅವತ್ತು ಮಧ್ಯಾಹ್ನ ಸುರಪುರದಿಂದ ಹಣಮಂತಪ್ಪ ಉಸ್ತಾದರ ಫೋನ್ ಬಂತು. ನಾನು ಮೊದಲು ಶಹಾಪುರದ ಹೈಸ್ಕೂಲಿನಲ್ಲಿ ಟೀಚರಾಗಿದ್ದಾಗ ಯಾದಗಿರಿಯಿಂದ ದಿನಾ ಹತ್ತುತ್ತಿದ್ದ ಬಸ್ಸಿಗೆ ಇವರೇ ಕಂಡಕ್ಟರ್. (ಫುಟ್‌ಬೋರ್ಡಿನಲ್ಲಿ ಜೋತಾಡುವ ಕಾಲೇಜು ಹುಡುಗರನ್ನು ಒಂದೇ ಕೈಯಲ್ಲಿ ಒಳಗೆಳೆಯುತ್ತಿದ್ದ ಮನುಷ್ಯ.) ರಿಟೈರ್ ಆದಮೇಲೆ ಊರಿನ ಹಳೇ ಗರಡಿಗೆ ಹೊಸ ಕೆಮ್ಮಣ್ಣು ಹಾಕಿಸಿ ಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದಾರೆ.

'ಅಕ್ಕೋರೆ, ನಮ್ಮ ಹುಡುಗಿ ಒಬ್ಬಾಕಿ ಬರ್ತಾಳ, ಮಾಳಮ್ಮ ಅಂತ. ನಾಳಿ ಮುಂಜಾನಿ ಯಾದಗಿರಿ ಸ್ಟೇಡಿಯಂದಾಗ ಸ್ಪೋರ್ಟ್ಸ್ ಹಾಸ್ಟೆಲಿನ ಸೆಲೆಕ್ಷನ್ ಅದ. ಅಷ್ಟೊತ್ತಿಗಿ ಆಕಿ ಊರಿಂದ ಬಸ್ ಇಲ್ಲ. ಇದೊಂದಿನ ನಿಮ್ಮ ಮನ್ಯಾಗ ಇಟ್ಕೋರಿ.'

'ಅದಕ್ಕೇನಂತ, ಕಳಸ್ರಿ' ಎಂದೆ.

'ಏನೂ ಮಾಡಬ್ಯಾಡ್ರಿ ಮತ್ತ. ಒಂದು ರೊಟ್ಟಿ, ಇಷ್ಟು ಪಲ್ಯ, ಸಾಕು. ನಾಳಿಗಿ ಆಕೀದು ತೂಕ ಮಾಡ್ತಾರ.'

ಏನೂ ಮಾಡಬೇಡಿ. ನೀವೇ ಹೇಳಿ, ನಮ್ಮ ಕಡೆ ಈ ಮಾತನ್ನು ಯಾರಾದರೂ ನಂಬಿದ್ದುಂಟೆ? ಚಹಾ ಬೇಡ, ಈಗಷ್ಟೇ ಕುಡಿದು ಬಂದೆ ಅಂದವರ ಮುಂದೆ ಚಹಾದ ಜೊತೆ ಒಂದು ತಾಟು ಮಂಡಕ್ಕಿ ಸುಸಲಾ ಇಡುವ ಜನ ನಾವು. ಸಾಕು ಅಂದರೆ ಇನ್ನೊಂದು. ಬೇಡವೇ ಬೇಡ ಅಂದರೆ ಇನ್ನೆರಡು. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ. ಬಂದವರು ಬೇಡ ಅನ್ನಬೇಕು, ನಾವು ಬಡಿಸಬೇಕು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಆಟ ಇದು. ಫೋನ್ ಇಟ್ಟವಳೇ ಶೇಂಗಾ ಹುರಿಯಲು ನಿಂತೆ.

ಸಂಜೆ ಮಾಳಮ್ಮ ಬಂದಳು. ಹದಿನಾರರ ಹುಡುಗಿ. ಹೆಗಲಿಗೆ ಶಾಲೆಯ ಬ್ಯಾಗು, ಬಗಲಲ್ಲಿ ಮಡಚಿದ ಕರಿ ಕಂಬಳಿ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ನಿರಾಸೆಯಾಯಿತು. ನಮ್ಮ ಶಾಲೆಯ ಹುಡುಗರು ಟಿವಿಯಲ್ಲಿ ನೋಡುವ ಕುಸ್ತಿಯ ಸ್ಟಾರ್‌ಗಳು ಹೊಗೆ, ಬೆಂಕಿ, ಮ್ಯೂಸಿಕ್ಕಿನ ನಡುವೆ ಬರುತ್ತಾರಲ್ಲ? ಈಕೆ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಗೋಡೆಗೆ ಆತು ನಿಂತಳು. ಸಣಕಲು ಮೈ. ಇಂಥವಳು ಉಪವಾಸ ಮಲಗಿದರೆ ನಾಳೆ ಯಾರನ್ನು ಎತ್ತಿಯಾಳು ಅನ್ನಿಸಿತು.

ಮಾತಿಗೆಳೆದೆ. ಮನೆಯವರದು ಕುರಿ ಕಾಯುವ ಕೆಲಸ. ಮೂರು ವರ್ಷದ ಕೆಳಗೆ ಸಂತೆಯಲ್ಲಿ ಬೆದರಿ ಓಡುತ್ತಿದ್ದ ಟಗರೊಂದನ್ನು ಈಕೆ ಕಾಲಿಗೆ ಕೈ ಹಾಕಿ ಹಿಡಿದು, ಹೆಗಲಿಗೇರಿಸಿಕೊಂಡು ಟಂಟಂ ಗಾಡಿಯಲ್ಲಿ ಒಗೆದದ್ದನ್ನು ಉಸ್ತಾದರು ನೋಡಿದರಂತೆ. ಆವತ್ತೇ ಆಕೆಯ ಅಪ್ಪನ ಬೆನ್ನು ಬಿದ್ದರಂತೆ.

'ಗರಡ್ಯಾಗ ನಿನ್ನ ಜೋಡಿ ಯಾರು?' ಎಂದು ಕೇಳಿದೆ.

'ಯಾರೂ ಇಲ್ರಿ ಅಕ್ಕೋರ. ಹುಡುಗ್ಯಾರ ಪೈಕಿ ನಾನೊಬ್ಬಾಕಿನೇ. ಮೊದಲ ಹುಡುಗರ ಸಂಗಾಟ ಆಡ್ತಿದ್ದೆ. ಈಗ ಅವರು ದೊಡ್ಡವರಾಗ್ಯಾರ, ನಾಚಕೊಂಡು ದೂರಿಂದ ಹಿಡಿತಾರ. ಹಂಗ ಹಿಡದ್ರ ಕುಸ್ತಿ ಬರಂಗಿಲ್ರಿ. ಹಾಸ್ಟೆಲಿನ್ಯಾಗ ಜೋಡಿ ಸಿಗ್ತಾರ, ಮ್ಯಾಟ್ ಸೈತ ಅದ.'

ಮುಂದಿನ ವರ್ಷ ಆಕೆಗೆ ವಯಸ್ಸು ಮೀರುತ್ತದೆ. ಇದೇ ಮೊದಲ ಸೆಲೆಕ್ಷನ್, ಇದೇ ಕೊನೆಯದು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾನೇನು ಮಾಡಿದೆ? ತಾಟು ಹಾಕಿದೆ. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಅನ್ನ, ಗಡ್ಡೆ ಮೊಸರು. ಎರಡು ಹೋಳಿಗೆ ತಂದಾಗ 'ಸಾಕ್ರಿ' ಅಂದಳು. ಹಾಕಿದೆ. 'ಬ್ಯಾಡ್ರಿ ಅಕ್ಕೋರ' ಅಂದಳು. ಇನ್ನೆರಡು ಹಾಕಿದೆ. ಕೈ ಅಡ್ಡ ಹಿಡಿದಳು. ತುಪ್ಪದ ಚಮಚ ನನ್ನ ಕೈಯಲ್ಲಿತ್ತು, ಗೆಲುವು ನನ್ನದೇ. ತಾಟಿನಲ್ಲಿ ಒಂದಗುಳು ಬಿಡಬಾರದೆಂದು ಕಲಿತ ಹುಡುಗಿ ನಾಲ್ಕು ಹೋಳಿಗೆಯನ್ನೂ ತಲೆ ಬಗ್ಗಿಸಿ ತಿಂದು ಮುಗಿಸಿದಳು. ಮಲಗುವಾಗ ಒಂದು ದೊಡ್ಡ ಲೋಟ ಹಾಲನ್ನೂ ಕುಡಿಸಿದೆ.

ಬೆಳಿಗ್ಗೆ ಆರೂವರೆಗೆ ಸ್ಟೇಡಿಯಂ. ಉಸ್ತಾದರು ಯಾರದೋ ಬೈಕಿನ ಹಿಂದೆ ಕೂತು ಬಂದಿಳಿದಿದ್ದರು. ವರಾಂಡದಲ್ಲಿ ಮಕ್ಕಳು ನೋಡಿಕೊಳ್ಳಲೆಂದು ಒಂದು ತೂಕದ ಮಷೀನು ಇಟ್ಟಿದ್ದರು. ಮಾಳಮ್ಮ ಹತ್ತಿ ನಿಂತಳು. ಐವತ್ತು ಕೆಜಿ ಏಳುನೂರು ಗ್ರಾಂ.

ಅವಳ ಹೆಸರು ಇದ್ದದ್ದು ಐವತ್ತು ಕೆಜಿಯೊಳಗಿನವರ ಪಟ್ಟಿಯಲ್ಲಿ. ಒಂದು ಗ್ರಾಂ ಹೆಚ್ಚಾದರೂ ಹೆಸರು ಹೊಡೆಯುತ್ತಾರೆ. ಎಂಟಕ್ಕೆ ಒಳಗಿನ ಅಸಲಿ ತೂಕ ಬಂದ್.

ಉಸ್ತಾದರು ಮಷೀನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

'ಏನು ಉಣಿಸೀರ್ರಿ ಅಕ್ಕೋರೆ?'

ಒಂದೊಂದಾಗಿ ಹೇಳುತ್ತ ಹೋದೆ. ಒಂದೊಂದಕ್ಕೂ ನನ್ನ ದನಿ ಇಳಿಯುತ್ತ ಹೋಯಿತು. ಹೋಳಿಗೆಗೆ ಬರುವಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕೇಳಿದ್ದು ಇಷ್ಟೇ: 'ಮನ್ಯಾಗ ಹುಣಸಿಹಣ್ಣು ಅದ ಏನ್ರಿ?'

ಮಾಳಮ್ಮ ಅಳಲಿಲ್ಲ, ನನ್ನ ಕಡೆ ಕೆಟ್ಟದಾಗಿ ನೋಡಲೂ ಇಲ್ಲ. ಕಂಬಳಿ ಬಿಚ್ಚಿ ಮೈಗೆ ಸುತ್ತಿಕೊಂಡಳು, ಸೊಂಟಕ್ಕೆ ವೇಲು ಬಿಗಿದಳು, ಓಡತೊಡಗಿದಳು. ಏಪ್ರಿಲ್ ತಿಂಗಳು. ಯಾದಗಿರಿ. ಆ ಹೊತ್ತಿಗೆ ನಾವೆಲ್ಲ ಫ್ಯಾನಿನ ಕೆಳಗೆ ಕೂತು ಸೂರ್ಯನನ್ನು ಶಪಿಸುತ್ತಿರುತ್ತೇವೆ.

ನಾನು ಸ್ಕೂಟಿ ಹತ್ತಿ ಮನೆಗೆ ಹೋದೆ. ಹುಣಸೆಹಣ್ಣು ಸಿಕ್ಕಿತು. ಜೊತೆಗೆ ಟ್ರಂಕಿನ ತಳದಿಂದ ಸ್ವೆಟರ್ ತೆಗೆದೆ. (ಉತ್ತರ ಭಾರತದ ಟೂರಿಗೆಂದು ಕೊಂಡದ್ದು. ನಮ್ಮೂರಲ್ಲಿ ಸ್ವೆಟರ್ ಇರುವ ಮನೆ ನಮ್ಮದೊಂದೇ ಇರಬೇಕು.) ಮರಳಿ ಬಂದಾಗ ಅವಳು ಎಷ್ಟನೇ ಸುತ್ತಿನಲ್ಲಿದ್ದಳೋ, ಕಂಬಳಿಯ ಅಂಚಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಳಗೆ ಸ್ವೆಟರ್, ಮೇಲೆ ಕಂಬಳಿ, ಬಾಯಲ್ಲಿ ಹುಣಸೆಹಣ್ಣು. ಜೊಲ್ಲು ಬಂದಷ್ಟೂ ಉಗುಳಬೇಕು, ಒಂದು ಹನಿ ನುಂಗುವಂತಿಲ್ಲ. ಎರಡು ಸುತ್ತಿಗೊಮ್ಮೆ ಉಸ್ತಾದರು ನಿಲ್ಲಿಸಿ ಕಣ್ಣು ನೋಡಿ, ನಾಡಿ ಹಿಡಿದು, ಮತ್ತೆ ಬಿಡುತ್ತಿದ್ದರು. ಸುಮ್ಮನೆ ನಿಂತಿರಲಾಗದೆ ನಾನೂ ಓಡಿದೆ, ವ್ಯಾನಿಟಿ ಬ್ಯಾಗ್ ಸಮೇತ. ಎರಡೇ ಸುತ್ತಿಗೆ ಕಟ್ಟೆ ಹಿಡಿದು ಕೂತೆ.

ಐವತ್ತು ನಾನೂರು. ಐವತ್ತು ಇನ್ನೂರು. ಆ ಮಷೀನಿನ ಮುಂದೆ ನಾನು ಯಾವ ದೇವರ ಮುಂದೆಯೂ ನಿಲ್ಲದಷ್ಟು ಭಕ್ತಿಯಿಂದ ನಿಂತೆ.

ಏಳೂವರೆ ದಾಟಿದಾಗ ಅವಳ ಕಾಲು ಒಮ್ಮೆ ಮಡಿಚಿಕೊಂಡಿತು. ತಡೆಯಲಾಗಲಿಲ್ಲ. 'ಸಾಕು ಬಿಡವ್ವ' ಎಂದೆ.

ಹುಣಸೆಹಣ್ಣು ಒಂದು ಕೆನ್ನೆಗೆ ಸರಿಸಿ ಹೇಳಿದಳು. 'ಇನ್ನಾ ಸಾಕಾಗಿಲ್ರಿ ಅಕ್ಕೋರ.' ಮತ್ತೆ ಓಡಿದಳು.

ನಾನು ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳು. ರ‍್ಯಾಂಕ್ ಬಂದವರನ್ನು ನೋಡಿದ್ದೇನೆ, ಕಪ್ ಗೆದ್ದವರ ಜೊತೆ ಫೋಟೊ ತೆಗೆಸಿಕೊಂಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ. ತಪ್ಪು ಇನ್ನೊಬ್ಬರದು, ಬೆವರು ತನ್ನದು, ಬಾಯಲ್ಲಿ ಒಂದು ದೂರಿಲ್ಲ.

ಎಂಟಕ್ಕೆ ಐದು ನಿಮಿಷವಿರುವಾಗ ಒಳಗಿನ ತೂಕಕ್ಕೆ ಹತ್ತಿದಳು. ಸರಿಯಾಗಿ ಐವತ್ತು. ಮೇಜಿನ ಹಿಂದಿದ್ದ ಸಾಹೇಬರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ಐವತ್ತೇ.

ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ಕುಡಿದು, ಒಂದು ತಾಸು ಕಂಬಳಿ ಹಾಸಿ ಮಲಗಿ, ಎದ್ದು ಕುಸ್ತಿಗೆ ಬಂದಳು. ಹುಟ್ಟಿದಮೇಲೆ ಮೊದಲ ಸಲ ಮ್ಯಾಟ್ ಮೇಲೆ ಕಾಲಿಡುತ್ತಿದ್ದಳು. ಬಗ್ಗಿ ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡಳು, ಅದೂ ಗರಡಿಯ ಮಣ್ಣೇ ಎಂಬಂತೆ.

ಆ ತೂಕಕ್ಕೆ ಮೂರು ಸೀಟು. ಮೊದಲ ಕುಸ್ತಿ ಗೆದ್ದಳು. ಎರಡನೆಯದನ್ನು ಸೋತಳು. ಕಾಲಲ್ಲಿ ಕಸುವಿರಲಿಲ್ಲ, ಆ ಕಸುವು ಬೆಳಿಗ್ಗೆ ಎಲ್ಲಿ ಸೋರಿಹೋಯಿತೆಂದು ಇಡೀ ಸ್ಟೇಡಿಯಂನಲ್ಲಿ ಮೂವರಿಗಷ್ಟೇ ಗೊತ್ತಿತ್ತು. ಉಳಿದದ್ದು ಮೂರನೇ ಸ್ಥಾನದ ಕುಸ್ತಿ. ಎದುರಿನ ಹುಡುಗಿ ಇವಳಿಗಿಂತ ಗೇಣುದ್ದ ಎತ್ತರ, ಎರಡು ನಿಮಿಷದಲ್ಲಿ ನಾಲ್ಕು ಪಾಯಿಂಟ್ ಮುಂದೆ. ನಾನು ಕೂತಲ್ಲಿ ಕೂರಲಾಗದೆ ಉಸ್ತಾದರ ಮುಖ ನೋಡಿದೆ. ಅವರು ಮ್ಯಾಟಿನಿಂದ ಕಣ್ಣು ಕೀಳಲಿಲ್ಲ.

'ಟಗರು ಮಾಳವ್ವ, ಟಗರು' ಎಂದರು. ಕೂಗಲಿಲ್ಲ, ಹೇಳಿದರು.

ಮಾಳಮ್ಮ ಕುಸಿದಳು ಅಂದುಕೊಂಡೆ. ಕುಸಿದಿರಲಿಲ್ಲ. ಬಗ್ಗಿ ಎದುರಿನವಳ ತೊಡೆಗೆ ಕೈ ಹಾಕಿದ್ದಳು. ಮರುಕ್ಷಣ ಆ ಎತ್ತರದ ಹುಡುಗಿ ಇವಳ ಎರಡೂ ಹೆಗಲ ಮೇಲೆ ಅಡ್ಡಲಾಗಿದ್ದಳು, ಸಂತೆಗೆ ಹೊರಟ ಟಗರಿನಂತೆ. ಒಂದು ಸುತ್ತು. ನೆಲಕ್ಕೆ. ಎರಡೂ ಭುಜ ಮ್ಯಾಟಿಗೆ ತಾಗಿದವು. ಸೀಟಿ ಊದಿತು, ಮೂರನೇ ಸೀಟು ಇವಳದಾಯಿತು.

ನಾನು ಅತ್ತೆ. ಉಸ್ತಾದರು ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಬೆವರಂತೆ.

ಬ್ಯಾಗ್ ತೆಗೆದುಕೊಳ್ಳಲು ಮಾಳಮ್ಮ ಮನೆಗೆ ಬಂದಾಗ ತಾಟು ಹಾಕಲು ನನಗೆ ಧೈರ್ಯ ಬರಲಿಲ್ಲ. ಅವಳೇ ಕೇಳಿದಳು: 'ಹೋಳಿಗಿ ಉಳದಾವೇನ್ರಿ?' ತಂದಿಟ್ಟೆ. ಐದು ತಿಂದಳು. ಪ್ರತಿಯೊಂದನ್ನೂ ಕೇಳಿ ಹಾಕಿದೆ.

ನಡುವೆ ತಡೆಯಲಾಗದೆ ಕೇಳಿಬಿಟ್ಟೆ. 'ಅಲ್ಲವ್ವ, ನಿನ್ನಿ ಗಟ್ಟಿಯಾಗಿ ಬ್ಯಾಡ ಅಂತ ಹೇಳಬಾರದಿತ್ತೇನ?'

ಅವಳು ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

'ಹೇಳೀನಲ್ರಿ ಅಕ್ಕೋರ. ಎರಡು ಸಲ ಬಾಯಿಲೆ, ಒಂದು ಸಲ ಕೈಲೆ.'

ಬೇಡ ಅನ್ನಿಸಿದರೆ ಬೇಡ ಅನ್ನಲು ಕಲಿಯಿರಿ ಅಂತ ಕ್ಲಾಸಿನಲ್ಲಿ ಹುಡುಗಿಯರಿಗೆ ಪ್ರತಿ ವರ್ಷ ಪಾಠ ಮಾಡುವವಳು ನಾನೇ. ಹುಡುಗಿಯರು ಯಾವತ್ತೋ ಕಲಿತಿದ್ದಾರೆ. ಕೇಳಿಸಿಕೊಳ್ಳುವುದನ್ನು ನಮಗೆ ಯಾವ ಉಸ್ತಾದರು ಕಲಿಸಬೇಕು?