ಕಾಡಿಗೆಯ ತಪ್ಪಲ್ಲ, ಗೌರಿ

ಗೌರಿ, ನಿನ್ನ ಮಗಳ ರಕ್ತಕ್ಕೆ ಸೀಸ ಸೇರಿದ್ದು ನಿಮ್ಮಮ್ಮ ಹರೂರಿನಿಂದ ಕಳಿಸುತ್ತಿದ್ದ ಕಾಡಿಗೆಯಿಂದಲ್ಲ. ನನ್ನಿಂದ. ನನಗದು ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಕೂತೆ.

ಕಾವ್ಯ ಅಂಬೆಗಾಲಿಡುತ್ತಿದ್ದ ವರ್ಷ, ಪೊಂಗಲ್‌ಗೆ ಮುಂಚೆ ಈ ಹಳೇ ಮನೆಯ ಬಾಗಿಲು ಕಿಟಕಿಗೆಲ್ಲ ಹೊಸ ಬಣ್ಣ ಹೊಡೆಸಬೇಕೆಂದು ನಿನ್ನ ಗಂಡ, ನನ್ನ ತಮ್ಮ, ಹೇಳಿದ್ದನಲ್ಲ. ಪೈಂಟರ್ ಬಂದಾಗ ನೀನು ಅಡುಗೆಮನೆಯಲ್ಲಿದ್ದೆ. ಅವನು ತಲೆಬಾಗಿಲಿನ ಹಸಿರು ಬಣ್ಣ ಕೆರೆದು ನೋಡಿ ನನಗೆ ಹೇಳಿದ: "ಅಕ್ಕಾ, ಅಳೇ ಪೈಂಟಲ್ಲಿ ಈಯಂ ಇರ್ತೈತೆ, ಸೀಸ. ನೀರಾಕಿ ನೆನ್ಸಿ ಉಜ್ಜೋಣ. ಮುಗಿಯೋಗಂಟ ಮಗೂನ ಬೇರೆ ಕಡೆ ಬುಡಿ. ಧೂಳು ಒಟ್ಟೆಗೋದ್ರೆ ಕಷ್ಟ."

ನೀರು ಎಂದದ್ದೇ ನನಗೆ ಸಿಟ್ಟು ಬಂತು. ಬಾಗಿಲ ಪಕ್ಕದಲ್ಲೇ ನನ್ನ ಮಗ್ಗ, ಅದರಲ್ಲಿ ಅರ್ಧ ನೇಯ್ದ ಮದುವೆ ಸೀರೆ — ರೇಷ್ಮೆಗೆ ಹನಿ ಬಿದ್ದರೆ ಕಲೆ. "ಅದೆಲ್ಲ ವೇಂಡಾಂ, ಒಣಗಿದ್ದಂಗೇ ಉಜ್ಜಪ್ಪ" ಎಂದೆ. ಬೀದಿಯಲ್ಲಿ ಪಕ್ಕದ ಮನೆಯವರು ಮಗ್ಗಕ್ಕೇರಿಸುವ ಹಾಸು ನೂಲನ್ನು ಉದ್ದಕ್ಕೆ ಎಳೆದು ಕಟ್ಟಿದ್ದರು. ಅದರ ಮೇಲೆ ಧೂಳು ಕೂತರೆ ಜಗಳವೆಂದು ಕಿಟಕಿಗಳನ್ನೂ ಮುಚ್ಚಿದೆ. ಮಗ್ಗಕ್ಕೆ ಬೆಡ್‌ಶೀಟ್ ಹೊದಿಸಿದೆ. ಅದೇ ನೆಲದ ಮೇಲೆ ಕಾವ್ಯ ಅಂಬೆಗಾಲಿಡುತ್ತಿದ್ದಳು, ಕೈ ಬಾಯಿಗಿಡುತ್ತಿದ್ದಳು. ರೇಷ್ಮೆಯನ್ನು ಮುಚ್ಚಿದೆ, ಮಗುವನ್ನು — ಥೂ, ನನ್ನ ಬುದ್ಧಿಗಿಷ್ಟು.

ಮಗು ಊಟ ಬಿಟ್ಟಿತು, ಮಂಕಾಯಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಸೀಸ ಎಂದರು. ಎಲ್ಲಿಂದ ಬಂದಿರಬಹುದು ಎಂದು ಡಾಕ್ಟರ್ ಕೇಳಿದಾಗ, ನೀನು ಬಾಯಿ ತೆರೆಯುವ ಮೊದಲೇ ನಾನೆಂದೆ: "ಇವ್ಳು ದಿನಾ ಕಾಡಿಗೆ ಅಚ್ತಾಳೆ."

ಅಂಗಡಿ ಕಾಡಿಗೆಯಲ್ಲಿ ಸೀಸ ಇರುವುದುಂಟು ಎಂದರು ಅವರು. ಇದು ನಿಮ್ಮಮ್ಮ ದೀಪದ ಕುಡಿಯಲ್ಲಿ ಹಿಡಿದ ಬರೀ ಮಸಿ, ಇದರಲ್ಲಿ ಸೀಸ ಎಲ್ಲಿಂದ ಬರಬೇಕು ಎಂದು ನಾನು ಹೇಳಲಿಲ್ಲ. ಬಣ್ಣ ಉಜ್ಜಿಸಿದ ಸುದ್ದಿಯನ್ನೂ ಎತ್ತಲಿಲ್ಲ. ತಮ್ಮ ನಿಮ್ಮಮ್ಮನನ್ನು ಹೊಸ್ತಿಲಲ್ಲೇ ಬೈದು ಕಳಿಸಿದ. ಆ ತಾಯಿ ಮತ್ತೆ ಈ ಮನೆಗೆ ಬರಲಿಲ್ಲ. ಔಷಧಿಯಿಂದ ಮಗು ಉಳಿಯಿತು, ಆದರೆ ಕಲಿತದ್ದು ತಲೆಯಲ್ಲಿ ನಿಲ್ಲುವುದಿಲ್ಲ. "ನನ್ ಕೈಯಾರೆ ಮಗೂನ ಆಳ್ ಮಾಡ್ದೆ ಅತ್ತಿಗೆ" ಎಂದು ನೀನು ನನ್ನ ಹೆಗಲ ಮೇಲೆಯೇ ಅಳುತ್ತೀಯ. ನಾನು ತಲೆ ನೇವರಿಸುತ್ತೇನೆ! ಎಂಥ ಹೆಂಗಸು ನಾನು.

ಮೊನ್ನೆ ಶಾಲೆಯಲ್ಲಿ ಬೈಸಿಕೊಂಡು ಬಂದ ಕಾವ್ಯ ನಿನಗೆ ಅಂದಳಲ್ಲ — "ನೀನ್ ಕಾಡಿಗೆ ಅಚ್ಚೇ ನಾನಿಂಗಾದೆ." ನೀನು ತಲೆ ತಗ್ಗಿಸಿದೆ.

ಒಳಕೋಣೆಯ ಕಿಟಕಿಗಳಲ್ಲಿ ಹಳೇ ಬಣ್ಣ ಇನ್ನೂ ಹಾಗೇ ಇದೆ. ನೀರು ಹಾಕದೆ ಅದನ್ನು ಉಜ್ಜಲು ಯಾರನ್ನೂ ಬಿಡಬೇಡ.

ಕ್ಷಮಿಸು ಎನ್ನುವುದಿಲ್ಲ, ಆ ಮುಖ ನನಗಿಲ್ಲ. ಇವತ್ತು ಕಾವ್ಯ ಶಾಲೆಯಿಂದ ಬಂದ ಕೂಡಲೇ ನಿನ್ನ ಮುಂದೆಯೇ ಅವಳನ್ನು ಕೂರಿಸಿಕೊಂಡು ಹೇಳುತ್ತೇನೆ: "ನಿಮ್ಮವ್ವ ಏನೂ ಮಾಡಿಲ್ಲ ಕಣೇ. ಮಾಡಿದ್ದು ನಾನು."