ಚಾಚಿ ತೊಡಿಸದ ಬಳೆಗಳು

ಇವತ್ತು ಬೆಳಿಗ್ಗೆ ನಮ್ಮ ಉಪಕೇಂದ್ರದ ನಲ್ಲಿಯ ಹತ್ತಿರ ಒಬ್ಬ ಬಸುರಿ ಕೈಗೆ ಬಟ್ಟೆ ಸೋಪಿನ ನೊರೆ ಹಚ್ಚಿಕೊಂಡು ಬಿಗಿಯಾದ ಬಳೆ ತೆಗೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಳೆ ಮಾರುವ ಚಾಚಿ ನೆನಪಾದಳು. ನನ್ನ ನರ್ಸ್ ಕೆಲಸ ಮುಗಿಯಲು ಇನ್ನೆರಡು ವರ್ಷವಿದೆ. ನಿಜ ಹೇಳಬೇಕೆಂದರೆ, ಸಾಕಾಗಿಹೋಗಿದೆ...

ನೆಲೋಗಿ ಸುತ್ತಿನ ಹಳ್ಳಿಗಳಿಗೆಲ್ಲ ಚಾಚಿಯೇ ಬಳೆ ತೊಡಿಸುತ್ತಿದ್ದಳು. ಯಾವ ಮನೆಯ ಹೆಣ್ಣುಮಗಳ ಕೈ ಅಳತೆ ಎಷ್ಟು ಎಂಬುದು ಆಕೆಗೆ ಬಾಯಿಪಾಠ. ನನಗೋ, ಬಸುರಿಯರ ಹೆಸರಿಗೂ ರಿಜಿಸ್ಟರ್ ಬೇಕು.

ಕೆಲವು ವರ್ಷಗಳ ಹಿಂದೆ ಒಂದು ದಿನ ನಮ್ಮ ಓಣಿಯ ಒಂದು ಮನೆಯಲ್ಲಿ ಸೊಸೆಗೆ ಏಳು ತಿಂಗಳ ಕುಬಸ, ಅಂದರೆ ಸೀಮಂತ. ನಾನು ರಜೆ ಹಾಕಿ ಊಟಕ್ಕೆ ಹೋಗಿದ್ದೆ. ಹಸಿರು ಬಳೆ ತೊಡಿಸಲು ಕುಳಿತ ಚಾಚಿ ಸೊಸೆಯ ಕೈ ಹಿಡಿದವಳೇ ನನ್ನನ್ನು ಕರೆದಳು.

"ಸಿಸ್ಟರ್, ಹ್ವಾದ ತಿಂಗಳ ಈಕಿ ಕೈಗೆ ಎರಡು-ನಾಲ್ಕರ ಅಳತಿ ಬಳಿ ಹಾಕೇನ್ರಿ. ಇವತ್ತು ಸೋಪ್ ಹಚ್ಚಿದ್ರೂ ಎರಡು-ಎಂಟು ಹೋಗವಲ್ವು."

"ಬಸರಾದಾಗ ಬಾವು ಬರೂದ ಚಾಚಿ. ದೊಡ್ಡೂವು ಹಾಕ್ರಿ," ಎಂದೆ. ಎಲೆ ಹಾಕುವ ಹೊತ್ತು, ನನಗೆ ಹಸಿವು.

"ನಾ ಹಾಕಂಗಿಲ್ರಿ. ಮೊದ್ಲ ಬಿ.ಪಿ. ನೋಡ್ರಿ," ಎಂದು ಚಾಚಿ ಬಳೆಗಳನ್ನು ಬುಟ್ಟಿಗೆ ಹಾಕಿಕೊಂಡಳು.

ಕುಬಸದ ದಿನ ಬರಿಗೈ! ಅತ್ತೆಯ ಮುಖ ಕಪ್ಪಿಟ್ಟಿತು. ಗೊಣಗುತ್ತಲೇ ಹೋಗಿ ಬಿ.ಪಿ. ಯಂತ್ರ ತಂದೆ. ನೋಡಿದರೆ ನೂರಾ ಎಪ್ಪತ್ತು ದಾಟಿತ್ತು. ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದು ಸೊಸೆ ಆಗ ಬಾಯಿಬಿಟ್ಟಳು. ಜೇವರ್ಗಿ ಆಸ್ಪತ್ರೆ, ಅಲ್ಲಿಂದ ಕಲಬುರಗಿ... ಅವಸರದಲ್ಲಿ ಹೆರಿಗೆ ಮಾಡಿಸಿದರು. ತಾಯಿ ಉಳಿದಳು. ಕೂಸು ಎರಡೇ ದಿನ ಇತ್ತು.

ಊರು ಚಾಚಿಯನ್ನು ಹಿಡಿದುಕೊಂಡಿತು. ಶುಭದ ದಿನ ಬಳೆ ತೊಡಿಸದೆ ಎದ್ದುಹೋದಳು, ಅದಕ್ಕೇ ಕೂಸು ಹೋಯಿತು ಎಂದಿತು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ, ದೊಡ್ಡ ಬಳೆ ಹಾಕಿ ಎಂದ ನನ್ನ ಮಾತೂ ಹೊರಬರುತ್ತಿತ್ತು. ಮುಂದೆ ಯಾರೂ ಆಕೆಯನ್ನು ಕುಬಸಕ್ಕೆ ಕರೆಯಲಿಲ್ಲ. ಬಸ್ಸಿನಲ್ಲಿ ಎದುರಾದಾಗ ಆಕೆ ಕೇಳುತ್ತಿದ್ದದ್ದು ಒಂದೇ: "ಆ ಹುಡುಗಿ ಆರಾಮ ಅದಾಳೇನ್ರಿ?" ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಮೊನ್ನೆ ತರಬೇತಿಯಲ್ಲಿ ಡಾಕ್ಟರಮ್ಮ ವಿವರಿಸುತ್ತಿದ್ದರು. ಯಾವ ಬಸುರಿಯ ರಕ್ತದಲ್ಲಾದರೂ ಉರಿಯೂತದ ಪ್ರೋಟೀನುಗಳು ಒಂದಿಷ್ಟು ಏರುತ್ತವಂತೆ, ಅದು ಸಹಜವಂತೆ. ಆ ಸೊಸೆಗೆ ಬಂದಿದ್ದ, ಬಿ.ಪಿ. ಏರುವ ಪ್ರೀಎಕ್ಲಾಂಪ್ಸಿಯಾ ಕಾಯಿಲೆಯಲ್ಲಿ ಅವು ಮಿತಿಮೀರಿ ರಕ್ತನಾಳಗಳಿಗೇ ಪೆಟ್ಟು ಕೊಡುತ್ತವಂತೆ. ನೀರು ಸೋರಿ ಕೈ, ಮುಖ ಊದಿಕೊಳ್ಳುತ್ತವಂತೆ. ಸಹಜ ಯಾವುದು, ಮಿತಿಮೀರಿದ್ದು ಯಾವುದು... ಚಾಚಿ ಅದನ್ನು ಕೈ ಹಿಡಿದೇ ಹೇಳಿದ್ದಳಲ್ಲ ಎನಿಸಿ ಬರೆಯುವುದನ್ನು ನಿಲ್ಲಿಸಿದೆ.

ಅದೇ ಸಂಜೆ ಬಸ್ಸಿಳಿದು ನೇರವಾಗಿ ಕುಬಸ ನಡೆದಿದ್ದ ಆ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸೊಸೆ ಉಳಿದದ್ದು ಚಾಚಿಯಿಂದ, ತಪ್ಪು ನನ್ನದು ಎಂದೆ.

"ಈ ಮಾತು ಆಕಿ ಇದ್ದಾಗ ಹೇಳಬೇಕಿತ್ತಲ್ರಿ, ಸಿಸ್ಟರ್," ಎಂದಳು ಅತ್ತೆ. ಚಾಚಿ ತೀರಿಕೊಂಡು ವರ್ಷದ ಮೇಲಾಗಿತ್ತು.

ಇವತ್ತು ನಲ್ಲಿಯ ಹತ್ತಿರ ಬಳೆ ತೆಗೆಯುತ್ತಿದ್ದ ಆ ಬಸುರಿ ಹುಡುಗಿ ಒಳಬಂದಳು. ಹಸಿ ನೊರೆಯಿದ್ದ ಅವಳ ಕೈ ಹಿಡಿದು, "ಹ್ವಾದ ತಿಂಗಳ ಈ ಬಳಿ ಸಡ್ಲ ಇದ್ವೇನವ್ವ?" ಎಂದು ಕೇಳಿದೆ. ಹೌದೆಂದಳು. ಎಷ್ಟೇ ಸಾಕಾಗಿದ್ದರೂ ಎದ್ದು ಬಿ.ಪಿ. ಯಂತ್ರ ತಂದೆ, ಈ ಸಲ ಗೊಣಗಲಿಲ್ಲ.